ಚಿಪ್ಪು ಕಳಚುವ ಹದ: ಟ್ರಾನ್ಸ್ ಗುರುತು, ಕಡಲ ಜೀವಿಗಳು ಮತ್ತು ಲೋಹದ ಕೆಲಸ

ಕಡಲ ಜೀವಿಗಳ ರೂಪ ಹಿಡಿದು ಟ್ರಾನ್ಸ್‌ಜೆಂಡರ್ ಬದುಕಿನ ಬಗ್ಗೆ ಲೋಹದಲ್ಲಿ ಏನಾದರೂ ಮಾಡೋಣ ಎಂದು ಕೂತವರ ಪೆನ್ಸಿಲ್ ಸಾಮಾನ್ಯವಾಗಿ ಮೊದಲು ಬಿಡಿಸುವುದು ಕ್ಲೌನ್ ಮೀನನ್ನು. ಕಾರಣ ಗೊತ್ತಿರುವಂಥದ್ದೇ. ಹೂವಿನಂತೆ ಕಾಣುವ ಕಡಲಜೀವಿ ಸೀ ಅನೆಮೊನೆಯ ಎಸಳುಗಳ ನಡುವೆ ಬದುಕುವ ಈ ಮೀನಿನ ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣು, ಅದರ ನಂತರದ್ದು ಜೋಡಿ ಗಂಡು, ಉಳಿದವು ಇನ್ನೂ ಸಂತಾನಕ್ಕೆ ಇಳಿಯದ ಚಿಕ್ಕವು. ಹೆಣ್ಣು ಸತ್ತರೆ ಆ ಗಂಡೇ ಹೆಣ್ಣಾಗುತ್ತದೆ. ಚಿಕ್ಕವುಗಳಲ್ಲಿ ದೊಡ್ಡದು ಗಂಡಿನ ಜಾಗಕ್ಕೆ ಬರುತ್ತದೆ. ಕೇಳಲು ಸೊಗಸು. ಆದರೆ ಬೆಳ್ಳಿಯ ಕ್ಲೌನ್ ಮೀನೊಂದನ್ನು ಕೊರಳಿಗೆ ತೂಗುಹಾಕಿದರೆ ಅದು ಟ್ರಾನ್ಸ್ ವ್ಯಕ್ತಿಯ ಬಗ್ಗೆ ಏನೂ ಹೇಳಿದಂತಾಗುವುದಿಲ್ಲ.

ಯಾಕೆಂದರೆ ಮೀನಿನಲ್ಲಿ ಬದಲಾಗುವುದು ಜನನಾಂಗ. ಗುಂಪಿನಲ್ಲಿ ಒಂದು ಜಾಗ ಖಾಲಿಯಾಯಿತು, ದೇಹ ಆ ಜಾಗಕ್ಕೆ ತಕ್ಕಂತೆ ತಿರುಗಿತು, ಅಷ್ಟೇ. ಮನುಷ್ಯರ ಲಿಂಗತ್ವ ಗುರುತು ಬೇರೆ ಮಾತು. ತಾನು ಹೆಣ್ಣೋ, ಗಂಡೋ, ಎರಡೂ ಅಲ್ಲವೋ ಎಂದು ಒಬ್ಬರಿಗೆ ಒಳಗಿನಿಂದ ಇರುವ ಅರಿವು ಅದು. ಹುಟ್ಟಿದಾಗ ದೇಹ ನೋಡಿ ಬರೆದ ಲಿಂಗಕ್ಕೂ ಈ ಅರಿವಿಗೂ ಹೊಂದದೆ ಇರುವವರನ್ನು ಟ್ರಾನ್ಸ್ ಎನ್ನುತ್ತೇವೆ. ಅವರು ಹಾರ್ಮೋನು ತೆಗೆದುಕೊಳ್ಳಬಹುದು, ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬಹುದು, ಏನನ್ನೂ ಮಾಡದೆಯೂ ಇರಬಹುದು. ಗುರುತು ಅವುಗಳಿಂದ ಹುಟ್ಟುವುದಲ್ಲ. ಯಾರ ಮೇಲೆ ಮನಸ್ಸಾಗುತ್ತದೆ ಎನ್ನುವುದು ಇನ್ನೂ ಬೇರೆಯೇ ಸಂಗತಿ.

ಕನ್ನಡ ಬಲ್ಲವರಿಗೆ ಇದನ್ನು ಅರ್ಥಮಾಡಿಸಲು ನಮ್ಮ ವ್ಯಾಕರಣವೇ ಸಾಕು. ‘ನಾನು ಬಂದೆ’ ಎಂಬ ಮಾತಿನಲ್ಲಿ ಲಿಂಗವಿಲ್ಲ. ‘ಬಂದ’, ‘ಬಂದಳು’ ಎನ್ನುವಾಗ ಲಿಂಗ ಅಂಟಿಕೊಳ್ಳುತ್ತದೆ, ಮತ್ತು ಆ ಮಾತನ್ನು ಆಡುವುದು ಯಾವಾಗಲೂ ಇನ್ನೊಬ್ಬರು. ಟ್ರಾನ್ಸ್ ವ್ಯಕ್ತಿಯ ಬಾಳಿನ ತಿಕ್ಕಾಟವೆಲ್ಲ ಇರುವುದು ಒಳಗಿನ ‘ಬಂದೆ’ಗೂ ಹೊರಗಿನವರ ‘ಬಂದ, ಬಂದಳು’ಗೂ ನಡುವೆ. ಲೋಹದಲ್ಲಿ ಹೇಳಬೇಕಾದದ್ದು ಇದನ್ನು. ಮೀನಿನ ಚಿತ್ರ ಇದನ್ನು ಹೇಳಲಾರದು. ಜೀವಿ ಏನು ಮಾಡುತ್ತದೆ, ಲೋಹ ಬೆಂಕಿಯಲ್ಲೂ ಸುತ್ತಿಗೆಯ ಕೆಳಗೂ ಏನು ಮಾಡುತ್ತದೆ ಎಂಬ ಎರಡು ಕ್ರಿಯೆಗಳು ಒಂದಕ್ಕೊಂದು ತಾಳೆಯಾದಾಗ ಮಾತ್ರ ಕೆಲಸಕ್ಕೆ ಅರ್ಥ ಕೂಡುತ್ತದೆ.

ಯಾವ ಜೀವಿ, ಯಾವ ಮಾತು

ಆಯ್ಕೆಯಲ್ಲಿ ಎಡವುವುದು ಸುಲಭ. ಬ್ಲೂಹೆಡ್ ರಾಸ್ ಎಂಬ ಹವಳದ ದಿಬ್ಬದ ಮೀನಿನಲ್ಲಿ ಹೆಣ್ಣು ಗಂಡಾಗುತ್ತದೆ. ಗುಂಪಿನ ಗಂಡು ಕಾಣೆಯಾದ ಕೆಲವೇ ತಾಸಿನೊಳಗೆ ದೊಡ್ಡ ಹೆಣ್ಣಿನ ನಡವಳಿಕೆ ಗಂಡಿನದಾಗಿರುತ್ತದೆ. ದೇಹ ಅದನ್ನು ಹಿಂಬಾಲಿಸಲು ಸುಮಾರು ಹತ್ತು ದಿನ ಬೇಕು. ನಡವಳಿಕೆ ಮೊದಲು, ದೇಹ ಆಮೇಲೆ ಎಂಬ ಈ ಅನುಕ್ರಮ ಕ್ಲೌನ್ ಮೀನಿಗಿಂತ ಹೆಚ್ಚು ಮಾತಾಡುತ್ತದೆ. ಸ್ಲಿಪ್ಪರ್ ಲಿಂಪೆಟ್ ಎಂಬ ಬಸವನಹುಳುವಿನ ಜಾತಿಯ ಚಿಪ್ಪುಜೀವಿಗಳು ಒಂದರ ಮೇಲೊಂದು ಗೋಪುರದಂತೆ ಕೂರುತ್ತವೆ. ಮೇಲಿನ ಚಿಕ್ಕವು ಗಂಡು, ತಳದ ದೊಡ್ಡವು ಹೆಣ್ಣು, ನಡುವೆ ಬದಲಾಗುತ್ತಿರುವವು. ಒಂದೇ ಆಕಾರವನ್ನು ಐದಾರು ಅಳತೆಯಲ್ಲಿ ತಟ್ಟಿ ಪೇರಿಸಬಲ್ಲ ಲೋಹಗಾರರಿಗೆ ಇದು ಒಳ್ಳೆಯ ವಸ್ತು. ಕಡಲ್ಗುದುರೆಯನ್ನು ಇಲ್ಲಿಗೆ ಎಳೆದು ತರುವುದು ಸರಿಯಲ್ಲ: ಗಂಡು ಕಡಲ್ಗುದುರೆ ಹೊಟ್ಟೆಯ ಚೀಲದಲ್ಲಿ ಮರಿಗಳನ್ನು ಹೊರುತ್ತದೆ ನಿಜ, ಆದರೆ ಅದು ಲಿಂಗ ಬದಲಿಸುವುದಿಲ್ಲ. ಗರ್ಭ ಧರಿಸಿದ ಟ್ರಾನ್ಸ್ ಪುರುಷರ ಬಗ್ಗೆ ಮಾತಾಡುವುದಿದ್ದರೆ ಮಾತ್ರ ಅದಕ್ಕೆ ಜಾಗವಿದೆ.

ಎರಡು ಜೀವಿಗಳ ವಿಷಯದಲ್ಲಿ ಎಚ್ಚರ ಬೇಕು. ಒಂದು, ಸನ್ಯಾಸಿ ಏಡಿ. ಸತ್ತ ಶಂಖದ ಚಿಪ್ಪಿನೊಳಗೆ ಸೇರಿಕೊಂಡು, ಬೆಳೆದಂತೆ ಇನ್ನೊಂದು ಚಿಪ್ಪು ಹುಡುಕುವ ಪ್ರಾಣಿ ಅದು. ಇದನ್ನು ಬಳಸಿದ ಕೂಡಲೇ ‘ತಪ್ಪು ದೇಹದಲ್ಲಿ ಸಿಕ್ಕಿಕೊಂಡ ಆತ್ಮ’ ಎಂಬ ಸವೆದ ಮಾತು ಬಂದು ಕೂರುತ್ತದೆ. ದೇಹ ಬೇರೆಯವರಿಂದ ಪಡೆದ ಚಿಪ್ಪಲ್ಲ. ಎಷ್ಟೋ ಟ್ರಾನ್ಸ್ ಜನ ತಮ್ಮ ದೇಹವನ್ನು ಹಾಗೆ ಕಾಣುವುದೂ ಇಲ್ಲ. ಎರಡನೆಯದು ಕಟ್ಲ್‌ಫಿಶ್, ಮೈಬಣ್ಣ ಬದಲಿಸಬಲ್ಲ ಆಕ್ಟೋಪಸ್ ಬಳಗದ ಪ್ರಾಣಿ. ಆಸ್ಟ್ರೇಲಿಯಾದ ಕಡಲಿನ ಒಂದು ಜಾತಿಯಲ್ಲಿ ಗಂಡು ತನ್ನ ಮೈಯ ಒಂದು ಬದಿಯಲ್ಲಿ ಹೆಣ್ಣಿಗೆ ಗಂಡಿನ ಚಿತ್ತಾರ ತೋರಿಸುತ್ತ, ಇನ್ನೊಂದು ಬದಿಯಲ್ಲಿ ಎದುರಾಳಿ ಗಂಡಿಗೆ ಹೆಣ್ಣಿನ ಚಿತ್ತಾರ ತೋರಿಸುತ್ತದೆ. ನೋಡಲು ಅದ್ಭುತ, ಆದರೆ ಅದು ವಂಚನೆಯ ತಂತ್ರ. ಟ್ರಾನ್ಸ್ ಜನರ ಮೇಲೆ ಹೊರಿಸುವ ಅತ್ಯಂತ ಅಪಾಯಕಾರಿ ಆರೋಪವೂ ‘ಮೋಸ ಮಾಡುತ್ತಾರೆ’ ಎಂಬುದೇ. ಈ ರೂಪಕವನ್ನು ಗೊತ್ತಿಲ್ಲದೆ ಬಳಸಿದರೆ ಆರೋಪವನ್ನು ಬೆಳ್ಳಿಯಲ್ಲಿ ಅಚ್ಚುಹಾಕಿ ಕೊಟ್ಟಂತೆ. ಕಟ್ಲ್‌ಫಿಶ್‌ನಿಂದ ಬೇರೊಂದು ಉಪಯೋಗವಿದೆ, ಅದು ಮುಂದೆ.

ಏಡಿ ಚಿಪ್ಪು ಕಳಚುವಾಗ

ಎಲ್ಲಕ್ಕಿಂತ ಚೆನ್ನಾಗಿ ತಾಳೆಯಾಗುವುದು ಏಡಿ, ಲಾಬ್‌ಸ್ಟರ್‌ಗಳ ಚಿಪ್ಪು ಕಳಚುವಿಕೆ. ಚಿಪ್ಪು ಗಟ್ಟಿ, ಅದು ಬೆಳೆಯಲಾರದು. ಒಳಗಿನ ಜೀವ ಬೆಳೆಯುತ್ತದೆ. ಹಳೆಯ ಚಿಪ್ಪು ಬಿರಿಯುವ ಮುಂಚೆಯೇ ಅದರ ಅಡಿಯಲ್ಲಿ ಹೊಸ ಚಿಪ್ಪು ತಯಾರಾಗಿರುತ್ತದೆ: ಮೆತ್ತಗೆ, ತೆಳ್ಳಗೆ, ಸುಕ್ಕುಸುಕ್ಕಾಗಿ ಮಡಚಿಕೊಂಡು. ಹಳೆಯದರಲ್ಲಿನ ಸುಣ್ಣದ ಒಂದು ಭಾಗವನ್ನು ಪ್ರಾಣಿ ಮೊದಲೇ ಹೀರಿಕೊಳ್ಳುತ್ತದೆ. ಆಮೇಲೆ ನೀರು ಕುಡಿದು ಉಬ್ಬುತ್ತದೆ, ಬೆನ್ನಿನ ಹಿಂಭಾಗದಲ್ಲಿ ಒಂದು ಗೆರೆಯ ಗುಂಟ ಚಿಪ್ಪು ಬಾಯಿಬಿಡುತ್ತದೆ, ಏಡಿ ಹಿಮ್ಮುಖವಾಗಿ ಹೊರಬರುತ್ತದೆ. ಕಾಲುಗಳಷ್ಟೇ ಅಲ್ಲ, ಕಿವಿರುಗಳ ಹೊದಿಕೆ, ಜಠರದ ಒಳಪದರ ಕೂಡ ಹಳೆಯದರೊಂದಿಗೆ ಕಳಚಿಹೋಗುತ್ತವೆ. ಹೊರಬಂದ ಮೇಲೆ ಸುಕ್ಕು ಬಿಚ್ಚಿ ಹಿಗ್ಗುತ್ತದೆ. ಚಿಪ್ಪು ಗಟ್ಟಿಯಾಗುವವರೆಗಿನ ದಿನಗಳಲ್ಲಿ ಅದು ಬಿಲದಲ್ಲೋ ಬಂಡೆಯ ಸಂದಿಯಲ್ಲೋ ಅಡಗಿರುತ್ತದೆ, ಯಾಕೆಂದರೆ ಆಗ ಯಾರು ಬೇಕಾದರೂ ಅದನ್ನು ತಿನ್ನಬಹುದು.

ಇಲ್ಲಿ ಒಂದು ಪ್ರಾಣಿ ಇನ್ನೊಂದಾಗುತ್ತಿಲ್ಲ ಎಂಬುದನ್ನು ಗಮನಿಸಿ. ಏಡಿ ಮೊದಲೂ ಏಡಿ, ಆಮೇಲೂ ಏಡಿ. ಹೊಸ ಹೊರಮೈ ಹೊರಗಿನಿಂದ ಬಂದದ್ದಲ್ಲ. ಮತ್ತು ಬದಲಾವಣೆಯ ನಡುವಿನ ಹೊತ್ತು ಮೃದು, ಅಪಾಯದ್ದು. ಟ್ರಾನ್ಸ್ ಅನುಭವದ ಬಗ್ಗೆ ಮಾತಾಡುವವರು ಹೇಳುವ ಮೂರು ಸಂಗತಿಗಳೂ ಇವೇ.

ಲೋಹದ ಪಾಲಿನ ಚಿಪ್ಪು ಕಳಚುವಿಕೆಯನ್ನು ಕಮ್ಮಾರರೂ ಅಕ್ಕಸಾಲಿಗರೂ ‘ಹದ’ ಎಂಬ ಒಂದೇ ಮಾತಿನಲ್ಲಿ ಹೇಳುತ್ತಾರೆ: ಬಡಿದು ಬಿರುಸಾದದ್ದನ್ನು ಕಾಸಿ ಮತ್ತೆ ಮೆತ್ತಗೆ ಮಾಡುವುದು. ತಾಮ್ರದ ತಗಡನ್ನು ಬಡಿಯುತ್ತ ಹೋದರೆ ಅದು ಬಿರುಸಾಗುತ್ತದೆ. ಲೋಹದ ಹರಳುಗಳೊಳಗೆ ಪರಮಾಣುಗಳ ಸಾಲುಗಳು ಜಾರುವುದರಿಂದ ತಗಡು ಬಾಗುತ್ತದೆ. ಬಡಿದಷ್ಟೂ ಆ ಸಾಲುಗಳಲ್ಲಿ ತೊಡಕು ಹೆಚ್ಚಿ, ಒಂದಕ್ಕೊಂದು ಸಿಕ್ಕಿಕೊಂಡು, ಜಾರಲು ಜಾಗವೇ ಉಳಿಯುವುದಿಲ್ಲ. ಆಗಲೂ ಬಡಿದರೆ ಸೀಳುತ್ತದೆ. ಕಾಸಿದಾಗ ತೊಡಕಾದ ಹರಳುಗಳ ಜಾಗದಲ್ಲಿ ಹೊಸ ಹರಳುಗಳು ಹುಟ್ಟುತ್ತವೆ. ಲೋಹ ಕರಗುವುದಿಲ್ಲ, ಆಕಾರ ಕಳೆದುಕೊಳ್ಳುವುದಿಲ್ಲ, ಆದರೆ ಮತ್ತೆ ಮೃದು. ಒತ್ತಡ ತಾಳಿ ತಾಳಿ ಬಿರುಸಾದದ್ದು ಬಲವಲ್ಲ, ಬಿರುಕಿನ ಮೊದಲ ಹಂತ ಎಂಬುದನ್ನು ತಗಡು ಕೈಗೇ ತಿಳಿಸುತ್ತದೆ: ಸುತ್ತಿಗೆ ಪುಟಿಯಲು ಶುರುವಾಗುತ್ತದೆ, ಸದ್ದು ಮಂದದಿಂದ ಖಣಖಣಕ್ಕೆ ತಿರುಗುತ್ತದೆ. ಆ ಸದ್ದು ಕೇಳಿದ ಮೇಲೆ ಇನ್ನೊಂದು ಏಟೂ ಹಾಕಬಾರದು.

ಎರಡು ಚಿಪ್ಪಿನ ಬ್ರೋಚ್

ಹೊರಗೆ ತಾಮ್ರದ ಹಳೆಯ ಚಿಪ್ಪು, ಅದರ ಬಿರುಕಿನಲ್ಲಿ ಇಣುಕುವ ಬೆಳ್ಳಿಯ ಹೊಸ ಚಿಪ್ಪು: ಈ ಎರಡೇ ಭಾಗದ ಕೆಲಸದಲ್ಲಿ ಮೇಲಿನದೆಲ್ಲ ಬರುತ್ತದೆ.

ಹೊರಚಿಪ್ಪಿಗೆ 0.7 ಮಿಲಿಮೀಟರ್ ದಪ್ಪದ ತಾಮ್ರದ ತಗಡು, 80 ಮಿಲಿಮೀಟರ್ ಅಗಲ, 60 ಉದ್ದ. ಮುಗಿದ ಚಿಪ್ಪಿನ ಅಗಲ 60ರ ಆಸುಪಾಸು ಬರುತ್ತದೆ. ತಟ್ಟುವಾಗ ತಗಡನ್ನು ಹಿಡಿದಿಡುವ ಮೆದು ಅರಗಿನಲ್ಲಿ ಹಿಡಿತಕ್ಕೆ ಸುತ್ತಲಿನ ಅಂಚು ಬೇಕು. ಗರಗಸದ ಕಚ್ಚು ಉಳಿಯದಂತೆ ಅಂಚನ್ನೆಲ್ಲ ಮೊದಲೇ ಅರದಿಂದ ನಯಮಾಡಿ. ಸೀಳು ಹುಟ್ಟುವುದು ಬಹುಪಾಲು ಅಂಥ ಕಚ್ಚಿನಿಂದಲೇ. ತಗಡನ್ನು ಮಬ್ಬು ಬೆಳಕಿನಲ್ಲಿ ಮಂಕು ಕೆಂಪಾಗುವವರೆಗೆ ಕಾಸಿ, ನೀರಿಗೆ ಹಾಕಿ, ಒಂದು ಲೀಟರ್ ಬಿಸಿನೀರಿಗೆ 100 ಗ್ರಾಂ ನಿಂಬೆಉಪ್ಪು (ಸಿಟ್ರಿಕ್ ಆಮ್ಲ) ಬೆರೆಸಿದ ಆಮ್ಲದಲ್ಲಿ ಕರಿ ಬಿಡುವವರೆಗೆ ಇಡಿ. ಈ ಆಮ್ಲಕ್ಕೆ ಕಬ್ಬಿಣದ ಇಕ್ಕಳ ಸೋಕಬಾರದು. ಸೋಕಿದರೆ ಆಮ್ಲದಲ್ಲಿ ಕರಗಿರುವ ತಾಮ್ರ, ಮುಂದೆ ಅದೇ ಪಾತ್ರೆಗೆ ಹಾಕುವ ಬೆಳ್ಳಿಯ ಮೇಲೆ ಗುಲಾಬಿ ಪದರವಾಗಿ ಕೂರುತ್ತದೆ. ತಾಮ್ರದ್ದೋ ಪ್ಲಾಸ್ಟಿಕ್ಕಿನದೋ ಇಕ್ಕಳ ಬಳಸಿ.

ಬೆಚ್ಚಗೆ ಮಾಡಿದ ಅರಗಿನ ಮೇಲೆ ತಗಡನ್ನು ಕೂರಿಸಿ, ಆಕಾರದ ಗೆರೆಯನ್ನು ಮುಂಭಾಗದಿಂದ ಗೆರೆ ಉಳಿಯಲ್ಲಿ ತಟ್ಟಿ. ಬಿಡಿಸಿ, ಕಾಸಿ, ತಿರುವಿ ಹಾಕಿ, ಹಿಂಭಾಗದಿಂದ ಗುಂಡುತಲೆಯ ಉಳಿಯಿಂದ ಉಬ್ಬಿಸಿ. 10 ಮಿಲಿಮೀಟರ್ ಎತ್ತರ ಬೇಕಿದ್ದರೆ ಮೂರು ನಾಲ್ಕು ಸುತ್ತಿನ ಕೆಲಸ, ಪ್ರತಿ ಸುತ್ತಿಗೂ ಒಮ್ಮೆ ಕಾಸುವುದು. ಅವಸರಕ್ಕೆ ಒಂದೇ ಜಾಗದಲ್ಲಿ ಬಡಿದರೆ ಅಲ್ಲಿ ತಗಡು ಕಾಗದದಷ್ಟು ತೆಳ್ಳಗಾಗಿ ತೂತು ಬೀಳುತ್ತದೆ. ಏಟುಗಳು ಅಂಚಿನಿಂದ ನಡುವಿಗೆ, ಒಂದರ ಮೇಲೊಂದು ಅರ್ಧ ಬೀಳುವಂತೆ ಸಾಗಬೇಕು. ಅರಗು ತೀರಾ ತಣ್ಣಗಿದ್ದರೆ ತಗಡು ಸಿಡಿದು ಏಳುತ್ತದೆ, ತೀರಾ ಬಿಸಿಯಿದ್ದರೆ ಗೆರೆ ಮೂಡುವುದಿಲ್ಲ. ಉಗುರಿನಲ್ಲಿ ಒತ್ತಿದರೆ ಗುರುತು ಬಿದ್ದು, ಬೆರಳಿಗೆ ಅಂಟದಂತಿದ್ದರೆ ಸರಿ. ಇನ್ನು, ಕಾಸುವುದು ಒಳ್ಳೆಯದೆಂದು ಕಿತ್ತಳೆ ಬಣ್ಣಕ್ಕೆ ಬರುವವರೆಗೆ ಬಹಳ ಹೊತ್ತು ಕಾಸಿದರೆ ಹರಳುಗಳು ದಪ್ಪಗಾಗಿ, ಮುಂದಿನ ಏಟಿಗೆ ಮೇಲ್ಮೈ ಕಿತ್ತಳೆ ಸಿಪ್ಪೆಯಂತೆ ಉಬ್ಬುತಗ್ಗಾಗುತ್ತದೆ. ಅದನ್ನು ಉಜ್ಜಿ ತೆಗೆಯುವುದು ಕಷ್ಟ.

ಹಿಂಭಾಗದ ಬಿರುಕಿನ ಗೆರೆಯನ್ನು ಕೊನೆಯಲ್ಲಿ ಸಣ್ಣ ಗರಗಸದಿಂದ ಕೊಯ್ಯಿರಿ, ಸುತ್ತಿಗೆಯಿಂದ ಹರಿಯಬೇಡಿ. ಹರಿದ ಅಂಚು ಹಿಂಸೆಯ ಭಾಷೆ ಆಡುತ್ತದೆ. ಏಡಿಯ ಚಿಪ್ಪು ಬಿರಿಯುವುದು ಮೊದಲೇ ದುರ್ಬಲಗೊಳಿಸಿಟ್ಟ ಗೆರೆಯಲ್ಲಿ, ಅಚ್ಚುಕಟ್ಟಾಗಿ.

ಒಳಚಿಪ್ಪಿಗೆ 99.9 ಶುದ್ಧಿಯ ಬೆಳ್ಳಿ, 0.3 ಮಿಲಿಮೀಟರ್. 92.5ರ ಬೆಳ್ಳಿಯಲ್ಲಿ ತಾಮ್ರವಿರುವುದರಿಂದ ಕಾಸಿದಾಗ ಮೇಲ್ಪದರದ ಅಡಿಯಲ್ಲಿ ಬೂದು ಕಲೆ ಕೂರುತ್ತದೆ. ಶುದ್ಧ ಬೆಳ್ಳಿಗೆ ಆ ಕಾಟವಿಲ್ಲ, ಮೃದುತನವೂ ಹೆಚ್ಚು. ತಗಡನ್ನು ಹೊರಚಿಪ್ಪಿಗಿಂತ ಕಾಲುಭಾಗ ದೊಡ್ಡದಾಗಿ ಕತ್ತರಿಸಿ. ಆಮೇಲೆ ಸುಕ್ಕು ಹಾಕುವ ಉರುಳೆಗಳ ನಡುವೆ ಹಾಯಿಸಿ, ಇಲ್ಲವೇ ಮರದ ತುಂಡಿನಲ್ಲಿ ಕೊರೆದ ಕಾಲುವೆಗಳ ಮೇಲೆ ಮೊಂಡು ಉಳಿಯಿಂದ ಒತ್ತಿ, 2 ಮಿಲಿಮೀಟರ್‌ಗೆ ಒಂದರಂತೆ ಮಡಿಕೆ ಮಾಡಿ. ದೊಡ್ಡ ತಗಡು ಚಿಕ್ಕ ಜಾಗದಲ್ಲಿ ಹಿಡಿಯುತ್ತದೆ, ನಿಜವಾದ ಹೊಸ ಚಿಪ್ಪು ಹಳೆಯದರೊಳಗೆ ಹಿಡಿದ ಹಾಗೆಯೇ. ಲೋಹದ ಲೆಕ್ಕದಲ್ಲೂ ಲಾಭವಿದೆ: ಕೈಯಲ್ಲಿ ಮಡಚಬಹುದಾದ 0.3ರ ತಗಡು ಸುಕ್ಕು ಬಿದ್ದ ಮೇಲೆ ಸುಕ್ಕಿಗೆ ಅಡ್ಡವಾಗಿ ಬಾಗಲು ಒಪ್ಪುವುದಿಲ್ಲ. ಆ ತೆಳುವಿಗೆ ಬಲ ಕೊಡುವುದು ಸುಕ್ಕೇ.

ಎರಡನ್ನೂ ಬೆಸುಗೆ ಹಾಕಬೇಡಿ. ಬೆಸುಗೆಯ ಕಾವಿಗೆ ಬೆಳ್ಳಿ ಮೆತ್ತಗಾಗಿ ಕುಸಿಯುತ್ತದೆ, ತಾಮ್ರದ ಬಣ್ಣವೂ ಹೋಗುತ್ತದೆ. 1.2 ಮಿಲಿಮೀಟರ್ ತಾಮ್ರದ ತಂತಿಯ ರಿವೆಟ್ ಮೂರು ಸಾಕು. ತೂತು ತಂತಿಯಷ್ಟೇ ಇರಬೇಕು, ಎರಡೂ ಕಡೆ 0.6 ಮಿಲಿಮೀಟರ್ ಮಾತ್ರ ಚಾಚಿರಬೇಕು. ಹೆಚ್ಚು ಬಿಟ್ಟರೆ ತಲೆ ಅರಳುವ ಬದಲು ತಂತಿ ಬಾಗುತ್ತದೆ.

ಹೊರಚಿಪ್ಪಿಗೆ ಕಡಲ ಹಸಿರು ಬೇಕಿದ್ದರೆ ಎರಡನ್ನೂ ಜೋಡಿಸುವ ಮುಂಚೆ ತಾಮ್ರವನ್ನು ಒದ್ದೆಮಾಡಿ, ಉಪ್ಪು ಉದುರಿಸಿ, ಮುಚ್ಚಿದ ಡಬ್ಬಿಯಲ್ಲಿ ಅಮೋನಿಯಾ ತುಂಬಿದ ಬಟ್ಟಲಿನ ಮೇಲೆ ತಾಕದಂತೆ ಒಂದೆರಡು ದಿನ ಇಡಿ. ನೀಲಿಹಸಿರು ಕಿಲುಬು ಹತ್ತುತ್ತದೆ. ಡಬ್ಬಿ ತೆರೆಯುವುದು ಬಯಲಲ್ಲಿ. ಹತ್ತಿರ ಬ್ಲೀಚ್ ಇರಬಾರದು. ಕಿಲುಬು ಪುಡಿಯುದುರುತ್ತದೆ, ಹಾಗಾಗಿ ಒಣಗಿದ ಮೇಲೆ ಮೇಣ ಸವರಿ, ಮೈಗೆ ತಾಗುವ ಹಿಂಬದಿಯನ್ನು ಪೂರ್ತಿ ಉಜ್ಜಿ ತೆಗೆಯಿರಿ.

ನಿಜವಾದ ಏಡಿಚಿಪ್ಪಿನ ಮೇಲೆ ತಾಮ್ರ

ಕೆಲವರು ತಟ್ಟುವ ಬದಲು ದಡದಲ್ಲಿ ಸಿಕ್ಕ ಕಳಚಿದ ಚಿಪ್ಪಿನ ಮೇಲೆಯೇ ವಿದ್ಯುತ್ತಿನಿಂದ ತಾಮ್ರ ಬೆಳೆಸುತ್ತಾರೆ. ಚಿಪ್ಪು ಹಗುರಾಗಿದ್ದು, ಒಳಗೆ ಮಾಂಸವಿಲ್ಲದೆ, ಹಿಂದಿನ ಗೆರೆಯಲ್ಲಿ ಮುಚ್ಚಳದಂತೆ ತೆರೆದುಕೊಂಡರೆ ಅದು ಕಳಚಿದ್ದು, ಸತ್ತ ಏಡಿಯದಲ್ಲ. ತೊಳೆದು, ಒಣಗಿಸಿ, ಒಳಹೊರಗೆ ಎರಡು ಮೂರು ಕೈ ವಾರ್ನಿಷ್ ಹೊಡೆದು, ಅದರ ಮೇಲೆ ವಿದ್ಯುತ್ ಹರಿಸುವ ಗ್ರಾಫೈಟ್ ಬಣ್ಣ ಬಳಿಯಬೇಕು. ದ್ರಾವಣಕ್ಕೆ ಲೀಟರಿಗೆ ಸುಮಾರು 200 ಗ್ರಾಂ ಮೈಲುತುತ್ತ, 50ರಿಂದ 60 ಗ್ರಾಂ ಗಂಧಕಾಮ್ಲ. ನೀರಿಗೆ ಆಮ್ಲ, ಆಮ್ಲಕ್ಕೆ ನೀರಲ್ಲ. ಕನ್ನಡಕ, ಕೈಗವಸು ಕಡ್ಡಾಯ.

ಲೆಕ್ಕ ನೇರವಾಗಿದೆ. 100 ಚದರ ಸೆಂಟಿಮೀಟರ್ ಮೇಲ್ಮೈಗೆ 1 ಆಂಪಿಯರ್ ಹರಿಸಿದರೆ ಗಂಟೆಗೆ 13 ಮೈಕ್ರೊಮೀಟರ್ ತಾಮ್ರ ಕೂರುತ್ತದೆ. 0.3 ಮಿಲಿಮೀಟರ್ ಬೇಕಿದ್ದರೆ 23 ಗಂಟೆ. ಮೊದಲ ಗಂಟೆಗಳಲ್ಲಿ ಮೂರನೇ ಒಂದು ಭಾಗದಷ್ಟು ಆಂಪಿಯರ್ ಮಾತ್ರ ಕೊಟ್ಟು, ಗ್ರಾಫೈಟ್ ಪೂರ್ತಿ ಗುಲಾಬಿಯಾದ ಮೇಲೆ ಏರಿಸಿ. ಒಮ್ಮೆಲೇ ಏರಿಸಿದರೆ ತಾಮ್ರ ಸುಟ್ಟಂತೆ ಕಂದು ಪುಡಿಯಾಗಿ ಕೂರುತ್ತದೆ, ಬೆರಳಲ್ಲಿ ಉಜ್ಜಿದರೆ ಬರುತ್ತದೆ. ವಿದ್ಯುತ್ತು ಚಾಚಿದ ತುದಿಗಳನ್ನೇ ಹುಡುಕಿಕೊಂಡು ಹೋಗುವುದರಿಂದ ಮುಳ್ಳುಗಳ ಮೇಲೆ ಗಂಟು ಬೆಳೆಯುತ್ತದೆ, ಕುಳಿಗಳಲ್ಲಿ ತೆಳುವಾಗುತ್ತದೆ; ನಡುನಡುವೆ ತೆಗೆದು ಗಂಟುಗಳನ್ನು ಅರದಿಂದ ಉಜ್ಜಿ, ಚಿಪ್ಪನ್ನು ತಿರುಗಿಸಿ ಮತ್ತೆ ಇಳಿಸಬೇಕು. ಒಳಗೆ ಚಿಪ್ಪು ಉಳಿದಿರುವಾಗ ಬೆಸುಗೆಯ ಬೆಂಕಿ ತೋರಿಸಿದರೆ ತೇವ ಆವಿಯಾಗಿ ತಾಮ್ರವನ್ನು ಒಡೆದುಕೊಂಡು ಬರುತ್ತದೆ.

ಆದರೆ ಈ ವಿಧಾನದ ಅರ್ಥ ತಟ್ಟುವುದಕ್ಕೆ ತದ್ವಿರುದ್ಧ. ಇಲ್ಲಿ ಲೋಹ ಹೊರಗಿನಿಂದ, ಗಂಟೆಗೆ ಇಷ್ಟಿಷ್ಟೇ, ಕಣ್ಣಿಗೆ ಕಾಣದಂತೆ ಕೂರುತ್ತದೆ. ಹುಟ್ಟಿದ ದಿನದಿಂದ ಹೆಸರು, ಬಟ್ಟೆ, ಆಟಿಕೆ, ‘ಬಂದ, ಬಂದಳು’ಗಳು ಮನುಷ್ಯರ ಮೇಲೆ ಕೂರುವುದು ಹೀಗೆ. ಆದ್ದರಿಂದ ಇದು ಕಳಚುವಿಕೆಯನ್ನು ಹೇಳಲು ಒಗ್ಗದು, ಹೊರಿಸಿದ ಪದರವನ್ನು ಹೇಳಲು ಬಹಳ ಚೆನ್ನಾಗಿ ಒಗ್ಗುತ್ತದೆ. ಯಾವುದನ್ನು ಹೇಳುತ್ತಿದ್ದೇವೆ ಎಂದು ತೊಟ್ಟಿಗೆ ಇಳಿಸುವ ಮುಂಚೆ ತೀರ್ಮಾನಿಸಬೇಕು.

ಕಟ್ಲ್‌ಫಿಶ್ ಮೂಳೆಯ ಎರಕ

ಕಟ್ಲ್‌ಫಿಶ್ ಮೈಯೊಳಗೆ ಬಿಳಿಯ, ಹಗುರಾದ ಚಿಪ್ಪೊಂದಿದೆ. ಮೂಳೆ ಎಂದು ಕರೆಯುವುದು ಇದನ್ನೇ, ಹಳೆಯ ಹೆಸರು ಸಮುದ್ರಫೇನ. ಒಂದರ ಮೇಲೊಂದಿರುವ ತೆಳು ಪದರಗಳ ನಡುವೆ ಪುಟ್ಟ ಕೋಣೆಗಳಿದ್ದು, ಅವುಗಳಲ್ಲಿನ ಗಾಳಿ ಮತ್ತು ದ್ರವದ ಪ್ರಮಾಣ ಬದಲಿಸಿ ಪ್ರಾಣಿ ಏಳುತ್ತದೆ, ಮುಳುಗುತ್ತದೆ. ಉಗುರಿಗೂ ಗೀರುಬೀಳುವಷ್ಟು ಮೆದು, ಕರಗಿದ ಬೆಳ್ಳಿಯನ್ನು ಒಮ್ಮೆ ತಡೆದುಕೊಳ್ಳುವಷ್ಟು ಗಟ್ಟಿ. ಇದನ್ನು ಅಚ್ಚಾಗಿ ಬಳಸುವುದು ಬಹು ಹಳೆಯ ಪದ್ಧತಿ.

ದಪ್ಪ ಮೂಳೆಯನ್ನು ಆರಿಸಿ, ಎರಡು ತುಂಡು ಮಾಡಿ, ಮೆದು ಮುಖಗಳನ್ನು ಒಂದಕ್ಕೊಂದು ಬೆಳಕು ತೂರದಂತೆ ಸ್ಯಾಂಡ್‌ಪೇಪರ್ ಮೇಲೆ ಉಜ್ಜಿ. ಪುಡಿ ಸುಣ್ಣದ್ದು, ಮೂಗಿಗೆ ಮಾಸ್ಕ್ ಇರಲಿ. ಮಾದರಿ ಗಟ್ಟಿ ವಸ್ತುವಿನದಾಗಿರಬೇಕು, ಒಳಬಾಗಿದ ಕೊಕ್ಕೆಗಳಿರಬಾರದು, ಎಲ್ಲೂ 2 ಮಿಲಿಮೀಟರ್‌ಗಿಂತ ತೆಳ್ಳಗಿರಬಾರದು. ಅದನ್ನು ಒಂದು ತುಂಡಿಗೆ ಅರ್ಧ ಒತ್ತಿ, ಮೂಲೆಗಳಲ್ಲಿ ಗುರುತಿನ ಕಡ್ಡಿ ಚುಚ್ಚಿ, ಇನ್ನೊಂದನ್ನು ಮೇಲಿಟ್ಟು ಸಮನಾಗಿ ಅದುಮಿ. ಬಿಡಿಸಿ ಮಾದರಿ ತೆಗೆದು, ಮೇಲಿನಿಂದ 25 ಮಿಲಿಮೀಟರ್ ಆಳದವರೆಗೆ ಆಲಿಕೆಯಂಥ ದಾರಿ ಕೊರೆಯಿರಿ: ಬಾಯಿ 15 ಮಿಲಿಮೀಟರ್, ತುದಿ 5. ಆಕಾರದ ಬದಿಗಳಿಂದ ಮೇಲ್ಮುಖವಾಗಿ ಗಾಳಿ ಹೋಗಲು ಸೂಜಿಗೀರುಗಳು ಬೇಕು. ಮೆತ್ತನೆಯ ಕುಂಚದಿಂದ ಅಚ್ಚಿನೊಳಗೆ ಸವರಿದರೆ ಪದರಗಳ ನಡುವಿನ ಪುಡಿ ಉದುರಿ ಅಲೆ ಅಲೆಯಾದ ಗೆರೆ ಎದ್ದು ಬರುತ್ತದೆ. ಆ ಗೆರೆ ಪ್ರಾಣಿ ಬೆಳೆದ ದಾಖಲೆ. ಎರಕದ ಮೇಲೆ ಹಾಗೇ ಮೂಡುತ್ತದೆ, ಎರಡು ಎರಕ ಒಂದೇ ತೆರ ಆಗುವುದಿಲ್ಲ.

ಬೆಳ್ಳಿ ಎಷ್ಟು ಬೇಕೆಂದು ತಿಳಿಯಲು ಮಾದರಿಯನ್ನು ಅಳತೆಗೊಳವೆಯ ನೀರಿನಲ್ಲಿ ಮುಳುಗಿಸಿ. ಏರಿದ ಪ್ರತಿ ಮಿಲಿಲೀಟರಿಗೆ 92.5ರ ಬೆಳ್ಳಿ 10.4 ಗ್ರಾಂ. 2 ಮಿಲಿಲೀಟರ್ ಆದರೆ 21 ಗ್ರಾಂ, ಆಲಿಕೆಯಲ್ಲಿ ನಿಲ್ಲುವುದಕ್ಕೆ ಇನ್ನೊಂದು 10 ಗ್ರಾಂ. ಆ ಹೆಚ್ಚುವರಿ ದಂಡವಲ್ಲ. ಅಚ್ಚಿನೊಳಗಿನದು ತಣಿದು ಕುಗ್ಗುವಾಗ ಮೇಲಿನಿಂದ ಇಳಿದು ತುಂಬುವುದು ಅದೇ. ಮೂಸೆಯಲ್ಲಿ ಚಿಟಿಕೆ ಬಿಳಿಗಾರ ಹಾಕಿ ಕರಗಿಸಿ. ಈ ಬೆಳ್ಳಿ 893 ಡಿಗ್ರಿ ಸೆಲ್ಸಿಯಸ್‌ಗೆ ಪೂರ್ತಿ ಕರಗುತ್ತದೆ, ಆದರೆ ಕರಗಿದ ಕೂಡಲೇ ಹುಯ್ದರೆ ಆಲಿಕೆಯಲ್ಲೇ ಹೆಪ್ಪುಗಟ್ಟುತ್ತದೆ. ಮೂಸೆ ಅಲ್ಲಾಡಿಸಿದಾಗ ಕನ್ನಡಿಯಂತೆ ಹೊಳೆದು ಗುಂಡಗೆ ಉರುಳಬೇಕು. ತಂತಿಯಲ್ಲಿ ಕಟ್ಟಿ ಮರಳಿನಲ್ಲಿ ನಿಲ್ಲಿಸಿದ ಅಚ್ಚಿಗೆ, ಜ್ವಾಲೆಯನ್ನು ಮೂಸೆಯ ಬಾಯಿಂದ ಸರಿಸದೆ, ಒಂದೇ ಧಾರೆಯಲ್ಲಿ ಹುಯ್ಯಿರಿ. ಸುಟ್ಟ ಕೂದಲಿನ ವಾಸನೆ ಗಾಢವಾಗಿ ಬರುತ್ತದೆ, ಕಿಟಕಿ ತೆರೆದಿರಲಿ. ಅಚ್ಚು ಹಸಿಯಿದ್ದರೆ ಆವಿ ಬೆಳ್ಳಿಯನ್ನು ಹೊರಕ್ಕೆ ಉಗುಳುತ್ತದೆ. ಮೂಳೆ ಒಣಗಿರುವುದು ಖಚಿತವಿಲ್ಲದಿದ್ದರೆ ಅಂದು ಎರಕ ಬೇಡ.

ಅಚ್ಚು ಒಂದೇ ಎರಕಕ್ಕೆ ಕರಿದಾಗಿ ಮುಗಿಯುತ್ತದೆ. ಯಾವ ಜೀವಿಯ ಬಣ್ಣ ಬದಲಿಸುವ ಮೈಯನ್ನು ರೂಪಕವಾಗಿ ಬಳಸಲು ನಾವು ಹಿಂಜರಿದೆವೋ, ಅದೇ ಜೀವಿಯ ಒಳಗಿದ್ದು ತೇಲಿಸುತ್ತಿದ್ದ, ಹೊರಗೆ ಎಂದೂ ಕಾಣದ ಭಾಗ ಇಲ್ಲಿ ಲೋಹಕ್ಕೆ ಮೈ ಕೊಡುತ್ತದೆ. ಕಟ್ಲ್‌ಫಿಶ್‌ನ ಉಪಯೋಗ ಎಂದದ್ದು ಇದನ್ನೇ.

ಗುಲಾಬಿ, ನೀಲಿ, ಒಂದೇ ಲೋಹ

ಟ್ರಾನ್ಸ್ ಧ್ವಜವನ್ನು 1999ರಲ್ಲಿ ಅಮೆರಿಕದ ಟ್ರಾನ್ಸ್ ಹೋರಾಟಗಾರ್ತಿ ಮೋನಿಕಾ ಹೆಲ್ಮ್ಸ್ ರೂಪಿಸಿದರು: ತಿಳಿನೀಲಿ, ಗುಲಾಬಿ, ಬಿಳಿ, ಗುಲಾಬಿ, ತಿಳಿನೀಲಿ. ಹೇಗೆ ಹಿಡಿದರೂ ತಲೆಕೆಳಗಾಗದಂತೆ ಪಟ್ಟಿಗಳಿವೆ. ಈ ಬಣ್ಣಗಳನ್ನು ಲೋಹಕ್ಕೆ ತರಲು ಎನಾಮೆಲ್ ಬಳಿಯುವವರೇ ಹೆಚ್ಚು. ಆದರೆ ಟೈಟಾನಿಯಂನಲ್ಲಿ ಬಣ್ಣವನ್ನೇ ಹಚ್ಚಬೇಕಿಲ್ಲ. ವಿದ್ಯುತ್ ಹರಿಸಿದಾಗ ಅದರ ಮೇಲೆ ಪಾರದರ್ಶಕ ಆಕ್ಸೈಡ್ ಪದರ ಬೆಳೆಯುತ್ತದೆ, ವೋಲ್ಟ್‌ಗೆ ಸುಮಾರು 2 ನ್ಯಾನೊಮೀಟರ್ ಲೆಕ್ಕದಲ್ಲಿ. ಪದರದ ಮೇಲಿಂದ ಮರಳುವ ಬೆಳಕೂ ತಳದಿಂದ ಮರಳುವ ಬೆಳಕೂ ಬೆರೆತು ಬಣ್ಣ ಹುಟ್ಟುತ್ತದೆ. ಮುತ್ತು, ಮುತ್ತಿನ ಚಿಪ್ಪಿನ ಒಳಮೈಗಳ ಹೊಳಪಿಗೂ ಇದೇ ಮೂಲ: ಅರ್ಧ ಮೈಕ್ರೊಮೀಟರ್ ದಪ್ಪದ ಸುಣ್ಣದ ಹಲ್ಲೆಗಳು ಪದರ ಪದರವಾಗಿ ಬೆಳಕಿನೊಂದಿಗೆ ಆಡುತ್ತವೆ. ಟೈಟಾನಿಯಂನಲ್ಲಿ 35 ವೋಲ್ಟ್ ಹತ್ತಿರ ತಿಳಿನೀಲಿ, 65ರ ಹತ್ತಿರ ಗುಲಾಬಿ. ಗಂಡಿನ ನೀಲಿ, ಹೆಣ್ಣಿನ ಗುಲಾಬಿ ಎಂದು ಜಗತ್ತು ಹಂಚಿಟ್ಟ ಎರಡು ಬಣ್ಣಗಳ ನಡುವೆ ಈ ಲೋಹದಲ್ಲಿರುವ ವ್ಯತ್ಯಾಸ ಅರವತ್ತು ನ್ಯಾನೊಮೀಟರ್. ಇದಕ್ಕಿಂತ ಒಳ್ಳೆಯ ವಾದವನ್ನು ಯಾವ ಎನಾಮೆಲ್ಲೂ ಮಂಡಿಸಲಾರದು.

0.5 ಮಿಲಿಮೀಟರ್ ತಗಡನ್ನು ಅಸಿಟೋನ್‌ನಲ್ಲಿ ಒರೆಸಿದ ಮೇಲೆ ಬೆರಳು ತಾಕಿಸಬೇಡಿ. ಜಿಡ್ಡು ಇದ್ದಲ್ಲಿ ಬಣ್ಣ ಮಚ್ಚೆಯಾಗುತ್ತದೆ. ಲೀಟರ್ ನೀರಿಗೆ 30ರಿಂದ 50 ಗ್ರಾಂ ಟ್ರೈಸೋಡಿಯಂ ಫಾಸ್ಫೇಟ್ ಹಾಕಿ, ತಗಡನ್ನು ಧನ ಧ್ರುವಕ್ಕೆ, ಇನ್ನೊಂದು ಟೈಟಾನಿಯಂ ತುಂಡನ್ನು ಋಣ ಧ್ರುವಕ್ಕೆ ಜೋಡಿಸಿ. ಹಿಡಿಯುವ ಕೊಕ್ಕೆಯೂ ಟೈಟಾನಿಯಂನದೇ ಇರಬೇಕು. ತಾಮ್ರದ ಕ್ಲಿಪ್ ನೀರಿಗೆ ತಾಗಿದರೆ ವಿದ್ಯುತ್ತೆಲ್ಲ ಅಲ್ಲೇ ಸೋರಿಹೋಗುತ್ತದೆ. 65 ವೋಲ್ಟ್ ನೇರ ವಿದ್ಯುತ್ತು ಒದ್ದೆ ಕೈಗೆ ಅಪಾಯ: ರಬ್ಬರ್ ಕೈಗವಸು ಹಾಕಿ, ಗುಂಡಿ ಆರಿಸದೆ ಏನನ್ನೂ ಮುಟ್ಟಬೇಡಿ.

ಅನುಕ್ರಮವೇ ಇಲ್ಲಿ ಮುಖ್ಯ. ನೀಲಿ ಮತ್ತು ಬಿಳಿ ಬರಬೇಕಾದ ಕಡೆ ಉಗುರುಬಣ್ಣ ಬಳಿದು ಮುಚ್ಚಿ, ಮೊದಲು 65ರಲ್ಲಿ ಗುಲಾಬಿ ಮಾಡಿ. ಆಮೇಲೆ ನೀಲಿಯ ಜಾಗದ ಮುಚ್ಚಿಗೆ ತೆಗೆದು 35 ಕೊಡಿ. ಗುಲಾಬಿಯ ಪದರ ಆಗಲೇ ದಪ್ಪ, 35 ವೋಲ್ಟ್ ಅದನ್ನು ಅಲುಗಿಸಲಾರದು. ಬಿಳಿಯ ಜಾಗ ಕೊನೆಯವರೆಗೂ ಮುಚ್ಚಿರಲಿ. ಬರಿಯ ಲೋಹದ ಬೂದುಬಿಳುಪೇ ಅಲ್ಲಿ ಸಾಕು. ನೀಲಿಯನ್ನು ಮೊದಲು ಮಾಡಿ ಹಾಗೇ ಬಿಟ್ಟು 65ಕ್ಕೆ ಹೋದರೆ ನೀಲಿಯೂ ಗುಲಾಬಿಯಾಗುತ್ತದೆ. ಹಿಂದಕ್ಕೆ ದಾರಿಯಿಲ್ಲ, ಉಜ್ಜಿ ತೆಗೆದು ಮೊದಲಿನಿಂದ ಶುರು ಮಾಡಬೇಕು. ದ್ರಾವಣ, ಯಂತ್ರಗಳಿಗೆ ತಕ್ಕಂತೆ ಐದಾರು ವೋಲ್ಟ್ ಆಚೀಚೆ ಆಗುವುದರಿಂದ ಸಣ್ಣ ಪಟ್ಟಿಯೊಂದರ ಮೇಲೆ ಮೊದಲು ಬಣ್ಣದ ಮೆಟ್ಟಿಲು ಮಾಡಿ ನೋಡಿಕೊಳ್ಳಿ. ಟೈಟಾನಿಯಂ ಮಾಮೂಲಿ ಬೆಸುಗೆಗೆ ಒಗ್ಗದು. ಬೆಳ್ಳಿಯ ಚಿಪ್ಪಿಗೆ ಸೇರಿಸಲು ಇಲ್ಲೂ ರಿವೆಟ್ಟೇ ಗತಿ.

ಮೈಮೇಲೆ ಕೂರುವಾಗ

ತೊಡುವವರು ಯಾರು ಎಂಬುದು ಕೊನೆಗೆ ಯೋಚಿಸುವ ವಿಷಯವಲ್ಲ. ಎದೆಯನ್ನು ಚಪ್ಪಟೆಯಾಗಿಸುವ ಬೈಂಡರ್ ಹಾಕುವವರಿಗೆ ಎದೆಯ ಮೇಲೆ ಚುಚ್ಚುವ ಬ್ರೋಚ್ ಬೇಡ: ಪಿನ್ ಬೈಂಡರ್ ಬಟ್ಟೆಯನ್ನು ಹರಿಯುತ್ತದೆ, ಮತ್ತು ಕಣ್ಣು ಯಾವ ಜಾಗಕ್ಕೆ ಹೋಗಬಾರದೆಂದು ಅವರು ಬಯಸುತ್ತಾರೋ ಅಲ್ಲಿಗೇ ಸೆಳೆಯುತ್ತದೆ. ಹೆಗಲಿನ ಹತ್ತಿರ, ಕಾಲರಿನ ಮೇಲೆ ಜಾಗ ಕೊಡಿ. ಕೊರಳಪಟ್ಟಿಯಾದರೆ ಗಂಟಲಗುಬ್ಬಿಯನ್ನು ಮುಚ್ಚಬೇಕೋ ತೋರಬೇಕೋ ಎಂದು ತೊಡುವವರನ್ನೇ ಕೇಳಿ, ಅಳತೆ ಅದರ ಮೇಲೆ ನಿಲ್ಲುತ್ತದೆ. ಎಲ್ಲರೂ ತಮ್ಮ ಗುರುತನ್ನು ಎಲ್ಲರೆದುರು ಹೇಳಿಕೊಂಡಿರುವುದಿಲ್ಲ. ಧ್ವಜದ ಬಣ್ಣದ ಟೈಟಾನಿಯಂ ಪಟ್ಟಿಯನ್ನು ಚಿಪ್ಪಿನ ಮುಂದೆ ಹಾಕುವ ಬದಲು ಹಿಂಬದಿಯಲ್ಲಿ, ಮೈಗೆ ತಾಗುವ ಕಡೆ ರಿವೆಟ್ ಮಾಡಿದರೆ ಹೊರಗಿನವರಿಗೆ ಅದು ಬರೀ ಏಡಿ. ಮುಂದೊಂದು ದಿನ ತಿರುಗಿಸಿ ಕೂರಿಸಬಹುದಾದಂತೆ ಆ ಪಟ್ಟಿಗೆ ರಿವೆಟ್ ಬದಲು ಸಣ್ಣ ತಿರುಪು ಹಾಕುವವರೂ ಇದ್ದಾರೆ, ಜಾಣ ಉಪಾಯ.

ತೂಕ 30 ಗ್ರಾಂ ದಾಟಿದರೆ ತೆಳು ಬಟ್ಟೆ ಜೋತುಬೀಳುತ್ತದೆ. ಪಿನ್ನನ್ನು ಬ್ರೋಚಿನ ನಡುವಿಗಿಂತ ಮೇಲೆ ಇಡಿ, ಇಲ್ಲದಿದ್ದರೆ ಚಿಪ್ಪು ಮುಂದಕ್ಕೆ ವಾಲುತ್ತದೆ. ಅಗಲದ ಆಕಾರಕ್ಕೆ ಎರಡು ಪಿನ್ ಇದ್ದರೆ ತಿರುಗುವುದಿಲ್ಲ. ಕೀಲು ಮತ್ತು ಕೊಕ್ಕೆಗಳನ್ನು ಹೊರಚಿಪ್ಪಿಗೆ ಬೆಸೆಯುವುದು ಕಿಲುಬು ಹತ್ತಿಸುವ, ಬೆಳ್ಳಿ ಜೋಡಿಸುವ ಎಲ್ಲಕ್ಕಿಂತ ಮುಂಚೆ. ಪಿನ್ ಮಾತ್ರ ಕೊನೆಗೆ, ಬೆಂಕಿಯಿಲ್ಲದೆ: 1 ಮಿಲಿಮೀಟರ್ ಸ್ಟೀಲ್ ತಂತಿಯ ಒಂದು ತುದಿಯನ್ನು ಹಿಡಿಕೆಯಲ್ಲಿ ಕಚ್ಚಿಸಿ, ಇನ್ನೊಂದನ್ನು ಇಕ್ಕಳದಿಂದ ನಾಲ್ಕೈದು ಸುತ್ತು ತಿರುಚಿ ಬಿರುಸುಗೊಳಿಸಿ, ತುದಿಯನ್ನು ಅರದಿಂದ ಚೂಪುಮಾಡಿ, ಕೀಲಿಗೆ ರಿವೆಟ್ ಹಾಕಿ. ಈ ಕೆಲಸದಲ್ಲಿ ಕಾಸಿ ಮೆತ್ತಗೆ ಮಾಡಬಾರದ ಭಾಗ ಇದೊಂದೇ.